72ರಿಂದ ಭಾಗವಾಗುತ್ತಾ? 8 ಮತ್ತು 9ರಿಂದ ನೋಡಿ
ಎಫ್‌ಡಿಎ, ಪಿಡಿಒ ಪರೀಕ್ಷೆಗೆ ಓದುತ್ತಿರುವ ನಮ್ಮ ಹಾಸನದ ಗೆಳೆಯರಿಗೆ: ಒಂದು ಸಂಖ್ಯೆ 72ರಿಂದ ನಿಶ್ಶೇಷವಾಗಿ ಭಾಗವಾಗುತ್ತಾ ಎಂದು ಕೇಳಿದರೆ 8 ಮತ್ತು 9ರಿಂದ ಪರೀಕ್ಷಿಸಿ, 6 ಮತ್ತು 12ರಿಂದ ಬೇಡ. 72 ಅನ್ನು 8×9, 6×12 ಎಂದು ಹೇಗೆ ಒಡೆದರೂ ಆ ಎರಡು ಸಂಖ್ಯೆಗಳಿಗೆ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇರಬಾರದು. 36 ನೋಡಿ, 6ಕ್ಕೂ 12ಕ್ಕೂ ಭಾಗವಾಗುತ್ತೆ, 72ಕ್ಕೆ ಆಗಲ್ಲ. 2_5736 ಸಂಖ್ಯೆ 72ರಿಂದ ಭಾಗವಾಗಬೇಕಾದರೆ ಬಿಟ್ಟ ಅಂಕಿ ಯಾವುದು? 6, 12 ಹಿಡಿದರೆ 1, 4, 7 ಮೂರೂ ಸರಿ ಅನಿಸುತ್ತವೆ, ಆಯ್ಕೆಗಳಲ್ಲೂ ಅವನ್ನೇ ಕೊಟ್ಟಿರುತ್ತಾರೆ! ಕೊನೆಯ ಮೂರಂಕಿ 736, ಅದು 8×92, ಹಾಗಾಗಿ ಸಂಖ್ಯೆ 8ಕ್ಕೆ ಹೋಗುತ್ತೆ. ಕೊಟ್ಟಿರುವ ಅಂಕಿಗಳ ಮೊತ್ತ 23, 9ಕ್ಕೆ ಹೋಗಲು ಅದು 27 ಆಗಬೇಕು. ಉತ್ತರ 4 ಮಾತ್ರ. ಆದರೆ 27, 49ರಂಥವನ್ನು ಹೀಗೆ ಒಡೆಯಲು ಬರುವುದಿಲ್ಲ. ಅಂಕಿಗಳ ಮೊತ್ತ 27 ಬಂತೆಂದು 27ರಿಂದ ಭಾಗವಾಗುತ್ತೆ ಅಂದುಕೊಳ್ಳಬೇಡಿ. 1899ರ ಮೊತ್ತ 27, ಭಾಗಿಸಿದರೆ ಶೇಷ 9. ಅಲ್ಲಿ ನೇರವಾಗಿ ಭಾಗಿಸುವುದೇ ಬೇಗ. ಅಭ್ಯಾಸಕ್ಕೆ ಪುಸ್ತಕವೇ ಬೇಕಿಲ್ಲ, ಬೇಲೂರು ಬಸ್ಸಿಗೆ ಕಾಯುವಾಗ ಎದುರು ಹೋಗುವ ಕೆಎ-13 ಗಾಡಿಗಳ ನಾಲ್ಕಂಕಿ ಹಿಡಿಯಿರಿ. 4536 ಕಂಡಿತಾ? 536 ಎಂಟಕ್ಕೆ ಹೋಗುತ್ತೆ, ಮೊತ್ತ 18, ಹಾಗಾಗಿ 72ಕ್ಕೂ ಹೋಗುತ್ತೆ.