2 ಲಕ್ಷ ನಂಬರ್‌ನಿಂದ 32 ಸಾವಿರಕ್ಕೆ ಇಳಿದೆವು, ವ್ಯಾಪಾರ ಇಳಿಯಲಿಲ್ಲ

ನಮ್ಮದು ಆನ್‌ಲೈನ್ ಬಟ್ಟೆ ವ್ಯಾಪಾರ. ಆಫರ್ ಮೆಸೇಜ್ ಕಳಿಸೋಕೆ ಸುಮಾರು 2 ಲಕ್ಷ ಫೋನ್ ನಂಬರ್ ಇದ್ದವು. ಈಗ 32 ಸಾವಿರದ ಆಸುಪಾಸು. ಮೆಸೇಜ್‌ನಿಂದ ಬರುವ ಆರ್ಡರ್ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇದೆ. "ಪಟ್ಟಿಗೆ ಕತ್ತರಿ ಹಾಕಿದ್ರೆ ಅಂಗಡಿಗೆ ಬೀಗ ಹಾಕಿದ ಹಾಗೇ" ಅಂದಿದ್ದ ಮಾರ್ಕೆಟಿಂಗ್‌ನವರೇ ಈಗ ಬೇರೆಯವರಿಗೆ ಇದನ್ನು ಹೇಳಿಕೊಡುತ್ತಿದ್ದಾರೆ. ಹಾಗಾಗಿ ನಾನೇ ಬರೆದುಬಿಡೋಣ ಅನ್ನಿಸಿತು.

ಫೋನ್ ನಂಬರ್‌ನಂಥ ಜನರ ಖಾಸಗಿ ಮಾಹಿತಿಯನ್ನು ಹೀಗೆ ಬಳಸೋಕೆ ಅವರ ಒಪ್ಪಿಗೆ ಕೇಳುವ ಡಿಪಿಡಿಪಿ (ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆ) ಕಾಯ್ದೆ 2023ರದ್ದು, ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಮುಖ್ಯ ಭಾಗಗಳಿಗೆ 18 ತಿಂಗಳ ಗಡುವು. ಎಲ್ಲರೂ "ಇನ್ನೂ ಟೈಮ್ ಇದೆ" ಅಂತ ಕೂತರು. ನನ್ನನ್ನು ಎಬ್ಬಿಸಿದ್ದು ಕಾಯ್ದೆಯಲ್ಲ, ಎಸ್ಸೆಮ್ಮೆಸ್ ಬಿಲ್. ಒಂದಕ್ಕೆ 15-16 ಪೈಸೆ ಹಿಡಿದರೂ ತಿಂಗಳಿಗೆ ನಾಲ್ಕು ಸಲ ಕಳಿಸಿದರೆ ಲಕ್ಷ ದಾಟುತ್ತಿತ್ತು. ಅದರಲ್ಲಿ ಅರ್ಧ ಜನ ವರ್ಷಗಟ್ಟಲೆ ಏನೂ ಕೊಂಡವರಲ್ಲ.

ಮೊದಲು ಎಲ್ಲರಿಗೂ ಒಂದೇ ಸಲ "ಒಪ್ಪಿಗೆ ಕೊಡಿ" ಅಂತ ಲಿಂಕ್ ಕಳಿಸಿ ನೋಡಿದೆವು. ಲಿಂಕ್ ಡಿಎಲ್‌ಟಿಯಲ್ಲಿ, ಅಂದರೆ ವ್ಯಾಪಾರಿ ಮೆಸೇಜ್‌ಗಳಿಗಾಗಿ ಟೆಲಿಕಾಂ ಕಂಪನಿಗಳು ನಡೆಸುವ ನೋಂದಣಿ ವ್ಯವಸ್ಥೆಯಲ್ಲಿ, ವೈಟ್‌ಲಿಸ್ಟ್ (ಮುಂಚಿತ ಅನುಮತಿ) ಆಗಿರಲಿಲ್ಲ. ಮೊದಲ ಕಂತು ಪೂರ್ತಿ ತಡೆ ಬಿತ್ತು, ದುಡ್ಡು ಮಾತ್ರ ಕಟ್ ಆಯಿತು. ಸರಿಮಾಡಿ ಮತ್ತೆ ಕಳಿಸಿದರೆ ನೂರಕ್ಕೆ ಇಬ್ಬರೂ ಒತ್ತಲಿಲ್ಲ. ಆಮೇಲೆ ಒಪ್ಪಿಗೆ ಕೊಟ್ಟವರಿಗೆ 100 ರೂಪಾಯಿ ಕೂಪನ್ ಇಟ್ಟೆವು. ಜನ ಕೂಪನ್ ತಗೊಂಡರು, ಮಾರನೇ ದಿನವೇ ಮೆಸೇಜ್ ನಿಲ್ಲಿಸಿದರು! 70 ಸಾವಿರ ರೂಪಾಯಿಯಷ್ಟು ಹೋಯಿತು. ಆಸೆ ತೋರಿಸಿ ಪಡೆದದ್ದು ಮುಕ್ತ ಒಪ್ಪಿಗೆ ಹೇಗಾಗುತ್ತೆ ಅಂತ ವಕೀಲರ ತಕರಾರು ಬೇರೆ.

ಕೊನೆಗೆ ಕೈಹಿಡಿದದ್ದು ತೀರಾ ಸರಳ. ಹಳೇ ಪಟ್ಟಿಗೆ ಆಫರ್ ಕಳಿಸೋದನ್ನೇ ನಿಲ್ಲಿಸಿದೆವು. ಯಾರು ಆರ್ಡರ್ ಮಾಡುತ್ತಾರೋ ಅವರನ್ನು ಮಾತ್ರ, ಪಾರ್ಸೆಲ್ ಕೈಸೇರಿದ ಮೇಲೆ, ಟ್ರ್ಯಾಕಿಂಗ್ ಪುಟದಲ್ಲಿ ಕೇಳಿದೆವು: "ಹೊಸ ಬಟ್ಟೆ ಬಂದಾಗ ಈ ನಂಬರ್‌ಗೆ ತಿಳಿಸಬಹುದೇ?" ಕೆಳಗೆ ಮೂರು ಬಟನ್: ತಿಂಗಳಿಗೆ ಒಂದು ಸಲ, ಎರಡು ಸಲ, ಬೇಡ. ಮೂರೂ ಒಂದೇ ಅಳತೆ, ಒಂದೇ ಬಣ್ಣ. ಯಾವುದೂ ಮೊದಲೇ ಆಯ್ಕೆಯಾಗಿರುವುದಿಲ್ಲ. "ಬೇಡ, ನನಗೆ ಉಳಿತಾಯ ಇಷ್ಟವಿಲ್ಲ" ಅಂತ ಬರೆಸಲು ಒಬ್ಬರು ಹಟ ಹಿಡಿದಿದ್ದರು. ಡಾರ್ಕ್ ಪ್ಯಾಟರ್ನ್ (ಗ್ರಾಹಕರನ್ನು ದಾರಿ ತಪ್ಪಿಸುವ ವಿನ್ಯಾಸ) ಬಗ್ಗೆ ಸರ್ಕಾರದ 2023ರ ಮಾರ್ಗಸೂಚಿ ಹೆಸರಿಸುವ 13 ತಂತ್ರಗಳಲ್ಲಿ ಅದೂ ಒಂದು ಅಂತ ಪಟ್ಟಿ ತೋರಿಸಿದ ಮೇಲೆ ಸುಮ್ಮನಾದರು. ಹತ್ತರಲ್ಲಿ ನಾಲ್ಕು ಜನ ಹೂಂ ಅಂತಾರೆ. ಅವರಲ್ಲಿ ಬಹಳಷ್ಟು ಜನ ಒತ್ತೋದು "ಒಂದು ಸಲ". ಪಾರ್ಸೆಲ್ ಸೇರಿದ ಎಷ್ಟು ಹೊತ್ತಿಗೆ ಕೇಳುತ್ತೇವೆ ಅನ್ನೋದನ್ನು ಮಾತ್ರ ಹೇಳಲ್ಲ, ಅದನ್ನು ಕಂಡುಕೊಳ್ಳೋಕೆ ತಿಂಗಳುಗಳೇ ಹಿಡಿದವು.

ಇದರ ನಡುವೆ "ಆಫರ್ ಮುಗಿಯಲು 10 ನಿಮಿಷ" ಅನ್ನೋ ಟೈಮರ್ ಅನ್ನೂ ಕಿತ್ತು ನೋಡಿದೆ. ಪುಟ ರಿಫ್ರೆಶ್ ಮಾಡಿದರೆ ಮತ್ತೆ 10ರಿಂದ ಶುರುವಾಗುತ್ತಿತ್ತು, ಶುದ್ಧ ಸುಳ್ಳು ತಾನೇ? ಆರ್ಡರ್ ಶೇ 6ರಷ್ಟು ಬಿತ್ತು. ಆದರೆ ಕ್ಯಾಶ್ ಆನ್ ಡೆಲಿವರಿಯಲ್ಲಿ ಬಾಗಿಲವರೆಗೆ ಹೋಗಿ ವಾಪಸ್ ಬರುವ ಪಾರ್ಸೆಲ್ ಅದಕ್ಕಿಂತ ಜಾಸ್ತಿ ಇಳಿಯಿತು. ಹೋಗಿಬರುವ ಕೊರಿಯರ್ ಖರ್ಚು ಲೆಕ್ಕ ಹಾಕಿದರೆ ಲಾಭವೇ. ಟೈಮರ್ ವಾಪಸ್ ಹಾಕಲಿಲ್ಲ.

ಒಪ್ಪಿಗೆಯ ದಾಖಲೆಯಲ್ಲಿ ದಿನ, ಗಂಟೆ, ಒತ್ತಿದ ಬಟನ್ ಇಷ್ಟೇ ಇದ್ದರೆ ಸಾಲದು. ಆ ಹೊತ್ತಿಗೆ ಪುಟದಲ್ಲಿ ಯಾವ ವಾಕ್ಯ ಇತ್ತೋ ಅದೂ ಇರಬೇಕು. ವಾಕ್ಯ ಬದಲಿಸಿದಾಗಲೆಲ್ಲ ಅದಕ್ಕೆ ಹೊಸ ಕ್ರಮಸಂಖ್ಯೆ ಕೊಟ್ಟು ಹಳೆಯದನ್ನೂ ಇಟ್ಟುಕೊಳ್ಳುತ್ತೇವೆ. ಒಬ್ಬ ಗ್ರಾಹಕರು ಬೇಡದ ಮೆಸೇಜ್ ಬಗ್ಗೆ ದೂರು ಕೊಡುವ 1909ಕ್ಕೆ ದೂರು ಕೊಟ್ಟಾಗ ದಾಖಲೆಯ ಆ ಒಂದು ಸಾಲನ್ನು ಕಳಿಸಿದೆವು, ಅಲ್ಲಿಗೆ ಮುಗಿಯಿತು. ಅವರ ನಂಬರನ್ನು ಅವತ್ತೇ ತೆಗೆದೆವು ಅನ್ನಿ.

ನಿಜಕ್ಕೂ ತಲೆ ತಿಂದದ್ದು ಹಳೇ ಏಜೆನ್ಸಿ. ನಮ್ಮ ಪಟ್ಟಿ ಅವರ ಎಕ್ಸೆಲ್ ಶೀಟಿನಲ್ಲಿ ಕೂತಿತ್ತು. ಅಳಿಸಿ ಅಂದರೆ "ಆಯ್ತು ಸರ್, ಆಯ್ತು ಸರ್" ಅಷ್ಟೇ. ಅಳಿಸಿದ್ದೇವೆ ಅಂತ ಮೇಲ್‌ನಲ್ಲಿ ಬರೆದುಕೊಡುವವರೆಗೆ ಕೊನೆಯ ಬಿಲ್ ಪಾಸ್ ಮಾಡಲ್ಲ ಅಂದೆ. ಆ ವಾರದಲ್ಲೇ ಮೇಲ್ ಬಂತು.