ಮುಚ್ಚಿದ ಬಾಗಿಲಿನ ಆಚೆ ಒಂದು ಅನ್ಯಗ್ರಹ: ನನ್ನ ಅನುಭವ

ಅನ್ಯಗ್ರಹದವರಿಗೆ ಸಂದೇಶ ಕಳಿಸುವುದರ ಬಗ್ಗೆ ಬರೀ ಓದುವ ಬದಲು ಗೆಳೆಯರ ಜೊತೆ ಆಡಿ ನೋಡೋಣ ಅನ್ನಿಸಿತು. ನಾಲ್ಕು ಜನ ಒಂದು ಕೋಣೆಯಲ್ಲಿ, ನಾಲ್ಕು ಜನ ಪಕ್ಕದ ಕೋಣೆಯಲ್ಲಿ. ನಡುವೆ ಓಡಾಡುವುದು ಒಂದು ಚೀಟಿ ಮಾತ್ರ, ಅದರಲ್ಲಿ ಸೊನ್ನೆ ಮತ್ತು ಒಂದು ಬಿಟ್ಟು ಬೇರೇನೂ ಬರೆಯುವಂತಿಲ್ಲ.

ಈ ಉಪಾಯ ನನ್ನದಲ್ಲ. 1961ರಲ್ಲಿ ಖಗೋಳ ವಿಜ್ಞಾನಿ ಫ್ರಾಂಕ್ ಡ್ರೇಕ್ 551 ಸೊನ್ನೆ-ಒಂದುಗಳ ಸಾಲೊಂದನ್ನು ತಯಾರಿಸಿ ತಮ್ಮ ಜೊತೆಯ ವಿಜ್ಞಾನಿಗಳಿಗೆ ಕಳಿಸಿದ್ದರು. 551 ಅಂದರೆ 19 ಸಲ 29. ಹಾಗೆ ಚೌಕಗಳಲ್ಲಿ ಜೋಡಿಸಿದರೆ ಚಿತ್ರ ಮೂಡುತ್ತದೆ. ಅಂಥ ಪಂಡಿತರಲ್ಲೂ ಹೆಚ್ಚಿನವರಿಗೆ ಅದು ಬಿಡಿಸಲಾಗಲಿಲ್ಲ. 1974ರಲ್ಲಿ ಪೋರ್ಟೊ ರಿಕೊದ ಅರೆಸಿಬೊ ರೇಡಿಯೋ ದೂರದರ್ಶಕದಿಂದ ಹೋದ ಸಂದೇಶವೂ ಇದೇ ಜಾತಿಯದು: 1679 ಬಿಟ್ (ಅಂದರೆ ಅಷ್ಟು ಸೊನ್ನೆ-ಒಂದುಗಳು), 23 ಸಲ 73.

ನಮ್ಮವರು 35 ಬಿಟ್‌ನಲ್ಲಿ ಕೈ ಚಾಚಿ ನಿಂತ ಮನುಷ್ಯನನ್ನು ಬರೆದರು. ಅಗಲ 5, ಎತ್ತರ 7. ತಲೆಗೆ 01110, ಕೈಗಳಿಗೆ 11111, ಕಾಲಿಗೆ 10001. ಆಚೆಯವರು 35 ಅಂದರೆ 5 ಸಲ 7 ಅಂತ ಬೇಗ ಹಿಡಿದರು, ಆದರೆ ಅಗಲ 7 ಅಂದುಕೊಂಡು ಜೋಡಿಸಿದರು. ಚೆಲ್ಲಾಪಿಲ್ಲಿ ಚುಕ್ಕೆಗಳು ಬಂದವು. ತಪ್ಪಾಗಿದೆ ಅಂತ ಯಾರಿಗೂ ಅನ್ನಿಸಲಿಲ್ಲ, ಇದು ನಕ್ಷತ್ರಗಳ ನಕ್ಷೆ ಅಂತ ಇಪ್ಪತ್ತು ನಿಮಿಷ ಗಟ್ಟಿಯಾಗಿ ವಾದ ಮಾಡಿದರು. ನನಗೆ ಭಯವಾಗಿದ್ದು ಇಲ್ಲೇ. ಅರ್ಥವಾಗದಿದ್ದರೆ ತೊಂದರೆಯಿಲ್ಲ, ಕೇಳಬಹುದು. ತಪ್ಪು ಅರ್ಥ ಸಿಕ್ಕಿಬಿಟ್ಟರೆ ಹುಡುಕುವುದೇ ನಿಂತುಹೋಗುತ್ತದೆ, ಅಲ್ವಾ?

ಅಷ್ಟಕ್ಕೂ ಅನ್ಯಗ್ರಹದವರಿಗೆ ಕಣ್ಣೇ ಇಲ್ಲದಿದ್ದರೆ? ಮುಂದಿನ ಸಲ ಚೀಟಿ ತೆಗೆದುಹಾಕಿದೆ. ನಡುವಿನ ಬಾಗಿಲು ಮುಚ್ಚಿ, ಬರೀ ಸದ್ದು ಅಂದೆ.

ನಮ್ಮವರು ಬಾಗಿಲನ್ನು ಎರಡು ಸಲ ತಟ್ಟಿ, ಬಾಚಣಿಗೆಯ ಹಲ್ಲಿನಿಂದ ಒಮ್ಮೆ ಗೀರಿ, ಮತ್ತೆ ಎರಡು ಸಲ ತಟ್ಟಿದರು. ಆಮೇಲೆ ಮೂರು, ಗೀರು, ಮೂರು. ಗೀರು ಅಂದರೆ 'ಸಮ' ಅಂತ ಅವರ ಲೆಕ್ಕ. ಆಚೆ ಕಿವಿಯಿಟ್ಟು ಕೂತಿದ್ದವರು ಬರೆದುಕೊಂಡಿದ್ದು 'ಮತ್ತೊಮ್ಮೆ' ಅಂತ! ಯೋಚಿಸಿದರೆ ಅದೂ ಸರಿಯೇ, ಅಲ್ಲಿಯವರೆಗೆ ಬಂದ ಎಲ್ಲಾ ಉದಾಹರಣೆಗೂ ಅದು ಹೊಂದುತ್ತದೆ. ಆಗ ನಮ್ಮಲ್ಲೊಬ್ಬಳು ಎರಡು ತಟ್ಟಿ, ಸ್ವಲ್ಪ ತಡೆದು, ಒಂದು ತಟ್ಟಿ, ಗೀರಿ, ಮೂರು ತಟ್ಟಿದಳು. ಆಚೆಯಿಂದ 'ಓಹ್' ಅಂತ ಕೇಳಿಸಿತು. 'ಮತ್ತೊಮ್ಮೆ' ಅನ್ನುವ ಅರ್ಥ ಅಲ್ಲಿಗೆ ಬಿದ್ದುಹೋಯಿತು.

ಆಮೇಲೆ ಬೇಕೆಂದೇ ತಪ್ಪು ಲೆಕ್ಕ ಕಳಿಸಿದರು: ಎರಡು, ಗೀರು, ಐದು. ಅದರ ಬೆನ್ನಿಗೇ ಅಂಗೈಯಿಂದ ಒಂದು ಜೋರು ಬಡಿತ. ಹಾಗೇ ಇನ್ನೆರಡು ತಪ್ಪು ಲೆಕ್ಕ, ಪ್ರತಿ ಸಲವೂ ಅದೇ ಬಡಿತ. ಹೀಗೆ 'ತಪ್ಪು' ಅನ್ನುವುದಕ್ಕೊಂದು ಪದ ಹುಟ್ಟಿತು. 1960ರಲ್ಲಿ ಗಣಿತಜ್ಞ ಹಾನ್ಸ್ ಫ್ರಾಯ್ಡೆಂತಾಲ್ ಬಾಹ್ಯಾಕಾಶದ ಸಂಭಾಷಣೆಗೆಂದು ಲಿಂಕೋಸ್ ಭಾಷೆ ಕಟ್ಟಿದಾಗ ಇದೇ ದಾರಿ ಹಿಡಿದಿದ್ದರು. ಮೊದಲು ಎಣಿಕೆ, ಆಮೇಲೆ ಸಮ, ಮುಂದೆ ಪಾತ್ರಗಳ ಸಂಭಾಷಣೆಯಲ್ಲಿ ಸರಿ-ತಪ್ಪು. ಅಷ್ಟೊಂದು ಉದಾಹರಣೆ ಯಾಕೆ ಬೇಕು ಅಂತ ನನಗೆ ಓದುವಾಗ ಗೊತ್ತಾಗಿರಲಿಲ್ಲ, ಬಾಗಿಲ ಮುಂದೆ ಕೂತಾಗ ಗೊತ್ತಾಯಿತು.

ನೀವೂ ಆಡಿಸುವುದಾದರೆ ಒಂದು ಮಾತು. ಕೇಳುವವರು ಪ್ರತಿ ಹಂತದಲ್ಲೂ ತಮ್ಮ ಊಹೆಯನ್ನು ಬರೆದಿಡಲಿ. ಇಲ್ಲದಿದ್ದರೆ ಕೊನೆಗೆ ಎಲ್ಲರೂ 'ನನಗೆ ಮೊದಲೇ ಗೊತ್ತಿತ್ತು' ಅಂತಾರೆ. ಆ ತಪ್ಪು ಊಹೆಗಳೇ ಈ ಆಟದ ಜೀವ, ನಾನಂತೂ ಎಲ್ಲಾ ಹಾಳೆಗಳನ್ನೂ ಇಟ್ಟುಕೊಂಡಿದ್ದೇನೆ.

ಕೊನೆಯ ಸುತ್ತಿನಲ್ಲಿ ಉತ್ತರ ಕೊಡಬಾರದು ಅಂತ ನಿಯಮ ಮಾಡಿದೆ. ಅರೆಸಿಬೊ ಸಂದೇಶ ಹೊರಟಿದ್ದು ಸುಮಾರು 25,000 ಜ್ಯೋತಿರ್ವರ್ಷ ದೂರದ ಎಂ13 ನಕ್ಷತ್ರಗುಚ್ಛದ ಕಡೆಗೆ, ಅಲ್ಲಿಂದ 'ಓಹ್' ಕೇಳಿಸಿಕೊಳ್ಳಲು ಯಾರಿರುತ್ತಾರೆ? ನಮ್ಮವರು ಎರಡು, ಮೂರು, ಐದು, ಏಳು ಅಂತ ಅವಿಭಾಜ್ಯ ಸಂಖ್ಯೆಗಳನ್ನು ತಟ್ಟಿ ಸುಮ್ನೆ ಕೂತರು. ತುಂಬಾ ಹೊತ್ತು ಏನೂ ಇಲ್ಲ. ಆಮೇಲೆ ನಿಯಮ ಮುರಿದು ಯಾರೋ ಆಚೆಯಿಂದ ತಟ್ಟತೊಡಗಿದರು, ನಾವು ಉಸಿರು ಬಿಗಿಹಿಡಿದು ಎಣಿಸಿದೆವು. ಸರಿಯಾಗಿ ಹನ್ನೊಂದು.