ಹಾಪ್ಸ್ ಹಾಕಿ, ಮುಚ್ಚಳ ಮುಚ್ಚಿ, ಸುಮ್ನೆ ಬಿಡಿ

ಇದು ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ಮಾಡುವ ನಮ್ಮವರಿಗಾಗಿ. ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಮಾಡುವಂತಿಲ್ಲ. ಸಿಯಾಟಲ್ ಕಡೆಯವರಂತೂ ಪುಣ್ಯವಂತರು. ಬಿಯರಿಗೆ ಕಹಿ, ಘಮ ಕೊಡುವ ಹೂವು ಹಾಪ್ಸ್. ಅಮೆರಿಕದ ಹಾಪ್ಸ್‌ನಲ್ಲಿ ಹೆಚ್ಚುಪಾಲು ಬೆಳೆಯುವ ಯಾಕಿಮಾ ಕಣಿವೆ ಪಕ್ಕದಲ್ಲೇ ಇದೆ.

ಡ್ರೈ ಹಾಪಿಂಗ್ ಅಂದರೆ ಹುದುಗು ಮುಗಿದ ಬಿಯರಿಗೆ ಹಾಪ್ಸ್ ಹಾಕುವುದು, ಒಲೆ ಆರಿಸಿದ ಮೇಲೆ ಸಾರಿಗೆ ಕೊತ್ತಂಬರಿ ಉದುರಿಸಿದ ಹಾಗೆ. ಕುದಿಸಿದರೆ ಕಹಿ ಉಳಿದು ಘಮ ಹಾರಿಹೋಗುತ್ತದೆ.

ಮೊದಲು ಹುದುಗು ಮುಗಿದಿರಬೇಕು. ಗುಳ್ಳೆ ನಿಂತಿತು ಅಂತ ನಂಬಬೇಡಿ. ಮೂರು ದಿನ ಬಿಟ್ಟು ಅಳೆದಾಗಲೂ ಹೈಡ್ರೋಮೀಟರ್ (ಸಾಂದ್ರತೆ ಅಳೆಯುವ ಗಾಜಿನ ಕೊಳವೆ) ಅದೇ ಅಂಕಿ ತೋರಿಸಬೇಕು. 19 ಲೀಟರಿಗೆ 70 ಗ್ರಾಂ ಸಿಟ್ರಾ ತಳಿಯ ಹಾಪ್ಸ್ ಪೆಲೆಟ್ (ಪುಡಿ ಒತ್ತಿದ ಗುಳಿಗೆ) ಸಾಕು. ಪೊಟ್ಟಣ ಬಿಚ್ಚಿದಾಗ ಹಳೇ ಚೀಸ್ ವಾಸನೆ ಬಂದರೆ ಬಿಸಾಡಿ, ಎಷ್ಟೇ ಅಗ್ಗಕ್ಕೆ ಸಿಕ್ಕಿರಲಿ. ಬಟ್ಟೆಚೀಲದಲ್ಲಿ ಹಾಕುವುದಾದರೆ ಮೊಳಕೆಕಾಳಿನ ಗಂಟಿನಂತೆ ಬಿಗಿಯಬೇಡಿ. ಹಾಪ್ಸ್ ಊದುತ್ತದೆ, ಜಾಗ ಬೇಕು.

ಎಡವಟ್ಟಾಗುವುದು ಇನ್ನು ಮುಂದೆ. ನನ್ನ ಗೆಳೆಯ ಘಮ ನೋಡಲು ದಿನಾ ಮುಚ್ಚಳ ತೆಗೆದ. ವಾರದಲ್ಲಿ ಬಿಯರ್ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು, ಹಣ್ಣಿನ ಘಮ ಹೋಗಿ ಒದ್ದೆ ರಟ್ಟಿನ ವಾಸನೆ ಬಂತು. ಗಾಳಿ ಮಾಡುವ ಕೆಲಸ ಇದು. ಒಂದೇ ಸಲ ತೆಗೆದು, ಹಾಕಿ, ಮುಚ್ಚಿ. 18 ಡಿಗ್ರಿಯಲ್ಲಿ ಮೂರು ದಿನ. ಹತ್ತು ದಿನ ಬಿಟ್ಟರೆ ಹಸಿಹುಲ್ಲಿನ ರುಚಿ.

ಹಾಪ್ಸ್‌ನಲ್ಲಿರುವ ಕಿಣ್ವಗಳು ಯೀಸ್ಟ್ ತಿನ್ನಲಾಗದೆ ಉಳಿದ ಡೆಕ್ಸ್ಟ್ರಿನ್ ಎಂಬ ಉದ್ದ ಸಕ್ಕರೆ ಸರಪಳಿಗಳನ್ನು ಒಡೆದು, ಅದು ತಿನ್ನಬಲ್ಲ ಸಕ್ಕರೆ ಮಾಡುತ್ತವೆ. ಯೀಸ್ಟ್ ಎದ್ದು ಮತ್ತೆ ಕೆಲಸ ಶುರು ಮಾಡುತ್ತದೆ. ನಾನು ಇದು ಗೊತ್ತಿಲ್ಲದೆ ಅವಸರದಲ್ಲಿ ಬಾಟಲಿಗೆ ತುಂಬಿದ್ದೆ. ಗ್ಯಾರೇಜಿನಲ್ಲಿ ನಾಲ್ಕು ಬಾಟಲಿ ಪಟಾಕಿಯಂತೆ ಸಿಡಿದವು. ಅದಕ್ಕೇ ಮೂರನೇ ದಿನ ಮತ್ತೆ ಅಳೆಯಿರಿ. ಅಂಕಿ ಇಳಿದಿದ್ದರೆ, ಇಲ್ಲವೇ ಬೆಣ್ಣೆ ಹಚ್ಚಿದ ಪಾಪ್‌ಕಾರ್ನ್ ವಾಸನೆ ಇದ್ದರೆ, ಇನ್ನೂ ಎರಡು ದಿನ ಕಾದು, ಅಂಕಿ ನಿಲ್ಲುವವರೆಗೆ ಮತ್ತೆ ಅಳೆಯಿರಿ.

ಆಮೇಲೆ ಫ್ರಿಜ್‌ನಲ್ಲಿ ಒಂದೆರಡು ಡಿಗ್ರಿಗೆ ಇಳಿಸಿ. ತಣ್ಣಗಾಗುವಾಗ ಪಾತ್ರೆ, ಮುಚ್ಚಳದ ಮೇಲೆ ಗ್ಯಾಸ್ ಹೊರಬಿಡುವ ನೀರಿನ ಕವಾಟವಾದ ಏರ್‌ಲಾಕಿನ ನೀರನ್ನೂ ಹೊರಗಿನ ಗಾಳಿಯನ್ನೂ ಒಳಗೆ ಎಳೆದುಕೊಳ್ಳುತ್ತದೆ. ಏರ್‌ಲಾಕ್ ತೆಗೆದು, ಕಾರ್ಬನ್ ಡೈಆಕ್ಸೈಡ್ ತುಂಬಿದ ಬಲೂನ್ ಸಿಕ್ಕಿಸಿ.

ತಿಳಿಯಾಗಲು ಜೆಲಟಿನ್ ಹಾಕುತ್ತಾರೆ. ಒಂದು ಟೀಚಮಚವನ್ನು ಅರ್ಧ ಕಪ್ ತಣ್ಣೀರಿನಲ್ಲಿ ಹತ್ತು ನಿಮಿಷ ನೆನೆಸಿ, 65 ಡಿಗ್ರಿಗೆ ಬಿಸಿ ಮಾಡಿ ಸುರಿಯಿರಿ. ಕುದಿಸಬೇಡಿ. ಬಣ್ಣದ ಜೆಲ್ಲಿ ಪೊಟ್ಟಣ ತರಬೇಡಿ, ತಂದವರನ್ನು ನೋಡಿದ್ದೇನೆ! ಸಸ್ಯಾಹಾರಿಗಳೇ, ಜೆಲಟಿನ್ ಪ್ರಾಣಿಗಳ ಚರ್ಮ, ಮೂಳೆಯಿಂದ ಬರುವಂಥದ್ದು. ತಿಳಿಯಾಗಿಸುವ ಇನ್ನೊಂದು ವಸ್ತು ಐಸಿಂಗ್ಲಾಸ್, ಅದು ಮೀನಿನದು. ನಮ್ಮ ಮನೆಯಲ್ಲಿ ಎರಡೂ ಇಲ್ಲ. ವರ್ಟ್ (ಹುದುಗುವ ಮುಂಚಿನ ಮಾಲ್ಟ್ ರಸ) ಕುದಿಯುವ ಕೊನೆಯ 15 ನಿಮಿಷಕ್ಕೆ ಐರಿಷ್ ಮಾಸ್ ಎಂಬ ಕಡಲಪಾಚಿ ಹಾಕಿ, ಕೊನೆಗೆ ಒಂದು ವಾರ ತಂಪಿನಲ್ಲಿ ಬಿಡುತ್ತೇನೆ. ಸ್ವಲ್ಪ ಮಬ್ಬು ಉಳಿದರೂ ರುಚಿಗೇನೂ ಮೋಸವಿಲ್ಲ.

ತಿಳಿಸಾರು ಬಗ್ಗಿಸುವ ಹಾಗೆ ತಳ ಕಲಕದೆ ಪೈಪಿನಲ್ಲಿ ಇಳಿಸಿ ಬಾಟಲಿಗೆ ತುಂಬಿ. ಉಳಿದ ಹಾಪ್ಸ್ ಗಸಿಯನ್ನು ಹಿತ್ತಲಿಗೆ ಚೆಲ್ಲಬೇಡಿ. ನಾಯಿ ತಿಂದರೆ ಪ್ರಾಣಕ್ಕೇ ಅಪಾಯ.